ಪಿಟ್‌ಕೇರ್ನ್ ಸಮಾಧಿಯ ನಾಲ್ಕನೆಯವನು

ನೆಟ್ಟಾ ಅತ್ತೆಗೆ ತೊಂಬತ್ತೊಂದು ತುಂಬಿದ ವಾರವೇ ಊರಿನ ಕೌನ್ಸಿಲ್‌ನಿಂದ ಕಾಗದ ಬಂತು. ಕಿಲ್‌ಬ್ರೇ ಹಳೆ ಸ್ಮಶಾನದಲ್ಲಿ ಪಿಟ್‌ಕೇರ್ನ್ ಮನೆತನಕ್ಕಿರುವ ಜಾಗ ನಾಲ್ಕು ಜನರಿಗೆ ಸಾಲುವಂಥದ್ದು, ದಾಖಲೆಯ ಪ್ರಕಾರ ಅಲ್ಲಿ ಈಗಾಗಲೇ ನಾಲ್ವರನ್ನು ಹೂಳಲಾಗಿದೆ, ತಮ್ಮನ್ನೂ ಅಲ್ಲಿ ಹೂಳಬೇಕೆಂಬ ಕೋರಿಕೆಯನ್ನು ಮನ್ನಿಸಲು ಆಗದಿರುವುದಕ್ಕೆ ವಿಷಾದವಿದೆ ಎಂದು ಅದರಲ್ಲಿತ್ತು. ದೇಹವನ್ನು ಸುಟ್ಟು ಬೂದಿ ತಂದುಕೊಟ್ಟರೆ ಸಣ್ಣ ಕುಡಿಕೆಯೊಂದನ್ನು ಇಡಲು ಅಡ್ಡಿಯಿಲ್ಲ ಎಂದು ಕೊನೆಯಲ್ಲೊಂದು ಸಾಲು.

ಓದಿ ಹೇಳಿದವಳು ರೋನಾ. ನೆಟ್ಟಾ ಅವಳ ತಂದೆಯ ಅಕ್ಕ. ಮದುವೆಯಾದವಳಲ್ಲ. ಎರಡು ವರ್ಷದಿಂದ ಊರಿನ ವೃದ್ಧಾಶ್ರಮದ ಮೂಲೆಯ ಕೋಣೆಯಲ್ಲಿದ್ದಳು. ಹೃದಯ ದಣಿದಿದೆ, ಈ ಚಳಿಗಾಲ ದಾಟಿದರೆ ಅದೇ ಹೆಚ್ಚು ಎಂದು ಡಾಕ್ಟರು ರೋನಾಳನ್ನು ಹೊರಗೆ ಕರೆದು ಹೇಳಿದ್ದರು. ನೆಟ್ಟಾಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ತಾನಾಗಿಯೇ ಗೊತ್ತಿತ್ತು. ಅದಕ್ಕೇ ಕೌನ್ಸಿಲ್‌ಗೆ ಬರೆಸಿದ್ದು.

“ನಾಲ್ಕನೆಯವರು ಯಾರಂತೆ?” ಎಂದಳು. “ಕಲ್ಲಿನ ಮೇಲೆ ಮೂರೇ ಹೆಸರಿರೋದು. ಅವರಿಗೆ ಮೂರರಿಂದಾಚೆಗೂ ಎಣಿಸೋಕೆ ಬರುತ್ತೆ ಅಂತ ತೋರಿಸ್ಕೊಳ್ತಿದಾರಾ?”

ಕಲ್ಲಿನ ಮೇಲೆ ಮೂರೇ ಹೆಸರಿದ್ದವು. ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದು ಇಲ್ಲಿ ನೆಲ ಮಾಡಿಕೊಂಡು, ಹೊಳೆ ದಾಟುವಾಗ ಕುದುರೆ ಸಮೇತ ಮುಳುಗಿಹೋದ ರಾಬರ್ಟ್ ಪಿಟ್‌ಕೇರ್ನ್. ಅವನ ಹೆಂಡತಿ ಗ್ರಿಜೆಲ್. ಅವರ ಮೊಮ್ಮಗಳು ಎಫಿ. ಈ ಎಫಿಯೇ ನೆಟ್ಟಾಳ ತಾಯಿ.

ಬೂದಿಯಾದರೆ ಒಪ್ಪುತ್ತಾರಂತೆ ಎಂದು ರೋನಾ ಮೆಲ್ಲಗೆ ಹೇಳಿ ನೋಡಿದಳು.

“ಕಡೇ ದಿನ ಸತ್ತೋರೆಲ್ಲ ಗೋರಿಯಿಂದ ಎದ್ದು ನಿಂತಾಗ ನಾನು ಪೊರಕೆ ಹಿಡ್ಕೊಂಡು ನನ್ನನ್ನೇ ಗುಡಿಸ್ಕೊಂಡು ಕೂತಿರ್ಲಾ? ನಿಮ್ಮಪ್ಪನ್ನ ಸುಟ್ರಿ, ಆವಾಗ ಬಾಯಿ ಮುಚ್ಕೊಂಡಿದ್ದೆ. ಇದು ನನ್ನ ಮೈ. ಇದನ್ನ ಯಾರೂ ಸುಡೋ ಹಾಗಿಲ್ಲ.”

ನೆಟ್ಟಾ ಈ ಜಾಗಕ್ಕಾಗಿ ಹಟ ಹಿಡಿದದ್ದು ಏಕೆಂದು ರೋನಾಳಿಗೆ ಚೆನ್ನಾಗಿ ಗೊತ್ತಿತ್ತು. ತಂದೆಯ ಬಾಯಿಂದ ಕೇಳಿದ್ದಳು, ಅತ್ತೆಯ ಬಾಯಿಂದಲೂ ಒಂದೇ ಒಂದು ಸಲ ಕೇಳಿದ್ದಳು. ಸಾವಿರದ ಒಂಬೈನೂರ ಮೂವತ್ತೇಳರ ಚಳಿಗಾಲದಲ್ಲಿ ಎಫಿ ಗಂಡುಮಗುವನ್ನು ಹೆತ್ತು ಮೂರನೆಯ ದಿನ ತೀರಿಕೊಂಡಳು. ಆ ಮಗುವೇ ರೋನಾಳ ತಂದೆ. ನೆಟ್ಟಾಳಿಗೆ ಆಗ ಒಂಬತ್ತು ವರ್ಷ. ಅವರ ಜನರಲ್ಲಿ ಆಗ ಹೆಂಗಸರು ಸಮಾಧಿಯ ತನಕ ಹೋಗುತ್ತಿರಲಿಲ್ಲ. ಪೆಟ್ಟಿಗೆ ಹೊತ್ತು ಗಂಡಸರು ಗುಡ್ಡ ಹತ್ತಿದರೆ, ಹೆಂಗಸರು ಮನೆಯಲ್ಲೇ ಉಳಿದು ಅವರು ಬರುವಷ್ಟರಲ್ಲಿ ನೀರು ಕಾಯಿಸಿ, ಬ್ರೆಡ್ಡು ಕೊಯ್ದು ಇಡಬೇಕು. ಹುಡುಗಿಯನ್ನೂ ಅಡುಗೆಮನೆಯ ಮೇಜಿನ ಮುಂದೆ ನಿಲ್ಲಿಸಿ ಬೆಣ್ಣೆ ಸವರಲು ಹಚ್ಚಿದರು. ನಾನು ಅಮ್ಮನ ಜೊತೆ ಹೋಗುತ್ತೇನೆ ಎಂದದ್ದಕ್ಕೆ ನೆರೆಮನೆಯ ಹೆಂಗಸೊಬ್ಬಳು, ಆಮೇಲೆ ಹೋಗುವಿಯಂತೆ ಮಗಳೇ, ಮೊದಲು ಇದನ್ನು ಮುಗಿಸು ಎಂದಳಂತೆ. ನೆಟ್ಟಾ ಎರಡು ಬ್ರೆಡ್ಡು ಪೂರ್ತಿ ಸವರಿ ಮುಗಿಸಿದಳು. ಅಷ್ಟರಲ್ಲಿ ಮಗು ಅತ್ತಿತು. ಎತ್ತಿಕೊಂಡಳು. ಎತ್ತಿಕೊಂಡ ಮಗುವನ್ನು ಇಳಿಸಲು ಪುರುಸೊತ್ತೇ ಆಗಲಿಲ್ಲ ಅನ್ನುವ ಹಾಗೆ ಎಂಬತ್ತೆರಡು ವರ್ಷ ಕಳೆದುಹೋಯಿತು.

ಆಮೇಲೆ ಎಷ್ಟೋ ಸಲ ಅವಳು ಹೂವು ತೆಗೆದುಕೊಂಡು ಸ್ಮಶಾನಕ್ಕೆ ಹೋಗಿದ್ದಳು. ಆದರೆ ಅವಳ ಮಾತಿನಲ್ಲಿ ಅದು ನೋಡಿಕೊಂಡು ಬರುವುದು. ಹೋಗುವುದು ಬೇರೆ.

ರೋನಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಮೂರು ಮಕ್ಕಳನ್ನು ದಡ ಸೇರಿಸಿ, ಈಗ ಮಂಗಳವಾರ ಮತ್ತು ಶುಕ್ರವಾರ ಹಳೆ ಅಂಚೆಕಚೇರಿಯಲ್ಲಿರುವ ಇತಿಹಾಸ ಕೋಣೆಯಲ್ಲಿ ಕೂರುತ್ತಿದ್ದಳು. ಎಲ್ಲೆಲ್ಲಿಂದಲೋ ಜನ ಬರೆಯುತ್ತಿದ್ದರು: ನಮ್ಮ ಮುತ್ತಜ್ಜ ನಿಮ್ಮೂರಲ್ಲಿ ಚಿನ್ನ ಅಗೆಯುತ್ತಿದ್ದನಂತೆ, ನಮ್ಮ ಅಜ್ಜಿಯ ತಂಗಿ ನಿಮ್ಮೂರಲ್ಲೇ ಸತ್ತಳಂತೆ. ರೋನಾ ಹಡಗಿನ ಪಟ್ಟಿ, ಚರ್ಚಿನ ಪುಸ್ತಕ, ರಟ್ಟು ಕಟ್ಟಿದ ಹಳೆಯ ‘ಕಿಲ್‌ಬ್ರೇ ಕೊರಿಯರ್’ ಪತ್ರಿಕೆಗಳನ್ನು ತಿರುವಿ ಹುಡುಕಿ ಕೊಡುತ್ತಿದ್ದಳು. ಊರಿಗೆಲ್ಲ ಹುಡುಕಿ ಕೊಟ್ಟವಳು ತನ್ನ ಮನೆಯ ಸಮಾಧಿಯ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ಕಲ್ಲು ಇದೆ, ಹೆಸರು ಇದೆ, ಇನ್ನೇನು ನೋಡುವುದು ಎಂಬ ಧೈರ್ಯ.

ಪುಸ್ತಕ ತೆರೆದಾಗ ನಾಲ್ಕನೆಯ ಹೆಸರು ಅಲ್ಲೇ ಇತ್ತು, ಸ್ಮಶಾನದ ಕಾವಲುಗಾರನ ದಪ್ಪ ಅಕ್ಷರದಲ್ಲಿ. ಸಾವಿರದ ಎಂಟುನೂರ ಎಂಬತ್ತೊಂಬತ್ತು, ಜೂನ್. ಆ ಫೂನ್, ಚೀನೀಯ, ತೋಟಗಾರ, ಸುಮಾರು ನಲವತ್ತೈದು ವರ್ಷ. ‘ಆ’ ಎಂಬುದೂ ಅವನ ಹೆಸರಿನದೇ ಭಾಗ.

ರೋನಾಳಿಗೆ ಮೊದಲು ತೋಚಿದ್ದು ಕಾವಲುಗಾರ ಸಾಲು ತಪ್ಪಿ ಬರೆದಿರಬೇಕು ಎಂದು. ಚೀನೀಯರನ್ನೆಲ್ಲ ಕೆಳಗಿನ ಬೇಲಿಯ ಮೂಲೆಯಲ್ಲಿ ಹೂಳುತ್ತಿದ್ದರು. ಪಿಟ್‌ಕೇರ್ನರ ಜಾಗಕ್ಕೂ ಆ ಮೂಲೆಗೂ ಕೂಗಿದರೂ ಕೇಳದಷ್ಟು ದೂರ. ಆದರೆ ಆ ವರ್ಷದ ‘ಕೊರಿಯರ್’ ತೆರೆದರೆ ಅದೂ ಅದನ್ನೇ ಹೇಳಿತು. ವಿಧವೆ ಶ್ರೀಮತಿ ಪಿಟ್‌ಕೇರ್ನ್ ಅವರ ಹೊಳೆದಂಡೆಯ ನೆಲವನ್ನು ಗೇಣಿಗೆ ಮಾಡುತ್ತಿದ್ದ ಚೀನೀ ತೋಟಗಾರ ಎದೆಯ ಕಾಯಿಲೆಯಿಂದ ಸತ್ತನು, ಆಕೆ ಅವನಿಗೆ ತಮ್ಮ ಸ್ವಂತ ಜಾಗದಲ್ಲೇ ನೆಲ ಕೊಟ್ಟದ್ದು ಊರಿಗೆ ಸೋಜಿಗವಾಗಿದೆ ಎಂದು ಐದೇ ಸಾಲು.

ಸುದ್ದಿ ಕೇಳಿ ನೆಟ್ಟಾಳಿಗೆ ಹಳೆಯದೊಂದು ಹೆಸರು ನೆನಪಾಯಿತು. ಅವಳ ಬಾಲ್ಯದಲ್ಲಿ ಹೊಳೆದಂಡೆಯ ತುಂಡು ನೆಲವನ್ನು ಮನೆಯವರೆಲ್ಲ ಫೂನನ ಪಾತಿ ಎನ್ನುತ್ತಿದ್ದರು. ಅದು ಯಾರೋ ಒಬ್ಬ ಮನುಷ್ಯನ ಹೆಸರು ಎಂದು ಅವಳಿಗೆ ಹೊಳೆದೇ ಇರಲಿಲ್ಲವಂತೆ. ಅಲ್ಲಿ ಬಟಾಣಿ ಚೆನ್ನಾಗಿ ಬರುತ್ತಿತ್ತು ಎಂದಷ್ಟೇ ನೆನಪು.

“ಅಂದ್ರೆ ಅಮ್ಮನ ಪಕ್ಕ ತರಕಾರಿಯವನು ಮಲಗಿದಾನೆ, ನಾನು ಹೊರಗೆ ನಿಂತಿದೀನಿ,” ಎಂದಳು. “ನಮ್ಮಜ್ಜಿಯ ಅಜ್ಜಿಯೇ ನಂಗೆ ಇಂಥ ಅಡ್ಡಗಾಲು ಹಾಕ್ಬೇಕಾ?”

“ಗ್ರಿಜೆಲ್ ನಿಮ್ಮಮ್ಮನ ಅಜ್ಜಿ, ಅತ್ತೆ.”

“ಗೊತ್ತು ಕಣೇ. ಕೋಪ ಬಂದಾಗ ವಂಶವೃಕ್ಷ ನೋಡ್ಕೊಂಡು ಮಾತಾಡಕ್ಕಾಗುತ್ತಾ?”

ರೋನಾಳಿಗೆ ಒಂದು ದಾರಿ ಕಂಡದ್ದು ಆಗ. ಆ ಕಾಲದ ಚೀನೀಯರು ತಮ್ಮವರನ್ನು ಪರದೇಶದ ಮಣ್ಣಲ್ಲೇ ಬಿಟ್ಟುಬಿಡುತ್ತಿರಲಿಲ್ಲ. ಸತ್ತು ಹತ್ತು ಹನ್ನೆರಡು ವರ್ಷವಾದ ಮೇಲೆ ಅವರ ಸಂಘದವರು ಊರೂರಿಗೆ ಬಂದು, ಸರ್ಕಾರದ ಅಪ್ಪಣೆ ಪಡೆದು, ಗುಣಿಗಳನ್ನು ತೆರೆದು, ಎಲುಬುಗಳನ್ನು ತೊಳೆದು ಒರೆಸಿ ಪೆಟ್ಟಿಗೆಗಳಲ್ಲಿಟ್ಟು ಹಡಗಿನಲ್ಲಿ ತವರಿಗೆ ಕಳಿಸುತ್ತಿದ್ದರು. ಹೂಳಿದ್ದನ್ನು ಬರೆಯುವವನು ಸ್ಮಶಾನದ ಕಾವಲುಗಾರ. ತೆಗೆಯಲು ಅಪ್ಪಣೆ ಕೊಡುವವರು ರಾಜಧಾನಿಯ ಅಧಿಕಾರಿಗಳು. ಒಬ್ಬರ ಪುಸ್ತಕ ಇನ್ನೊಬ್ಬರು ನೋಡುತ್ತಿರಲಿಲ್ಲ. ಹಾಗಾಗಿ ಖಾಲಿಯಾದ ಗುಣಿಗಳೂ ಇವತ್ತಿನವರೆಗೆ ಲೆಕ್ಕದಲ್ಲಿ ತುಂಬಿಯೇ ಇವೆ.

ಎರಡು ವಾರ ಹುಡುಕಿದಳು. ಹಳೆಯ ಕಾಗದದ ಧೂಳಿಗೆ ಕೆಮ್ಮು ಹಿಡಿಯಿತು. ಮನೆಯಲ್ಲಿ ಒಗೆದ ಬಟ್ಟೆ ಬುಟ್ಟಿಯಲ್ಲೇ ಮುದ್ದೆಯಾಗಿ ಕೂತಿರುತ್ತಿತ್ತು. ಸಾವಿರದ ಒಂಬೈನೂರ ಎರಡರ ಜುಲೈ ತಿಂಗಳ ಪತ್ರಿಕೆಯಲ್ಲಿ ಪಟ್ಟಿ ಸಿಕ್ಕಿತು. ಕಿಲ್‌ಬ್ರೇ ಸ್ಮಶಾನದಿಂದ ತೆಗೆಯಲ್ಪಡುವ ಚೀನೀಯರು ಎಂಬ ತಲೆಬರಹ, ಪಕ್ಕದಲ್ಲಿ ಸರ್ಕಾರದ ಅಪ್ಪಣೆಯ ಮೇರೆಗೆ ಎಂದು. ಕೆಳಗೆ ಹನ್ನೆರಡು ಹೆಸರು. ಹನ್ನೆರಡನೆಯದು ಆ ಫೂನ್, ಪಿಟ್‌ಕೇರ್ನ್ ಜಾಗದಿಂದ.

ಅವಳು ಆ ಪುಟದ ಚಿತ್ರ ತೆಗೆದು ಕೌನ್ಸಿಲ್‌ನಲ್ಲಿ ಸ್ಮಶಾನದ ಕೆಲಸ ನೋಡಿಕೊಳ್ಳುವ ಕಾಲಿನ್‌ನ ಮುಂದಿಟ್ಟಳು. ಕಾಲಿನ್ ಅವಳ ಕೈಯ ಶಾಲೆಯೂಟ ಉಂಡು ಬೆಳೆದವನು. ಸರ್ಕಾರದ ಅಪ್ಪಣೆ ಅಂತ ಅಚ್ಚಾಗಿದೆಯಲ್ಲ, ಸಾಕು ಎಂದ. ಹತ್ತೇ ದಿನದಲ್ಲಿ ಒಪ್ಪಿಗೆಯ ಕಾಗದ ಬಂತು.

ನೆಟ್ಟಾ ಆ ಕಾಗದವನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಳು. ಊಟ ತರುವ ಹುಡುಗಿಯರಿಗೆಲ್ಲ ತೋರಿಸಿದಳು. ಯಾವ ಕೀರ್ತನೆ ಹಾಡಬೇಕು, ಯಾವುದನ್ನು ಹಾಡಲೇಬಾರದು ಎಂದು ರೋನಾಳಿಂದ ಬರೆಸಿದಳು. ಪಾದ್ರಿಗೆ ಬರೀ ಕಾಲು ಗಂಟೆ ಕೊಡು, ಆ ಮನುಷ್ಯನಿಗೆ ತನ್ನ ದನಿ ಕೇಳೋ ಚಟ ಎಂದಳು. ನೀಲಿ ಸ್ವೆಟರ್ ಹಾಕಿ, ಅದು ಬೆಚ್ಚಗಿದೆ ಎಂದಳು. ಪ್ರವಾಸಕ್ಕೆ ಹೊರಟ ಮಗುವಿನ ಗಡಿಬಿಡಿ ಅವಳ ಮುಖದಲ್ಲಿ ನೋಡಿ ರೋನಾ ಮನೆಗೆ ಬಂದು ಒಂದಿಷ್ಟು ಅತ್ತಳು.

ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಎಂದರೆ ಚಳಿಗಾಲ. ಆ ತಿಂಗಳ ಕೊನೆಯ ಶುಕ್ರವಾರ ಇತಿಹಾಸ ಕೋಣೆಗೆ ಬೇರೊಂದು ಕೋರಿಕೆ ಬಂದಿತ್ತು. ಆಸ್ಟ್ರೇಲಿಯಾದ ಯಾರಿಗೋ ತಮ್ಮ ಅಜ್ಜನ ತಂಡ ಫುಟ್‌ಬಾಲ್ ಗೆದ್ದ ಸುದ್ದಿ ಬೇಕಿತ್ತು, ಅದೇ ಸಾವಿರದ ಒಂಬೈನೂರ ಎರಡರ ಆಗಸ್ಟ್ ತಿಂಗಳದ್ದು. ರೋನಾ ಪುಟ ತಿರುವುತ್ತ ಹೋದಳು. ಆಟದ ಸುದ್ದಿಯ ಪಕ್ಕದ ಅಂಕಣದಲ್ಲಿ, ಊರ ಸುದ್ದಿಯ ನಡುವೆ, ತನ್ನ ಮನೆತನದ ಹೆಸರು ಕಂಡು ಕೈ ನಿಂತಿತು.

‘ಮಂಗಳವಾರ ಮತ್ತು ಬುಧವಾರ ಸ್ಮಶಾನದಲ್ಲಿ ಸ್ವಾರಸ್ಯವಾದ ಪ್ರಸಂಗವೊಂದು ನಡೆಯಿತು. ಚೀನೀಯರ ಎಲುಬು ತೆಗೆಯಲು ಬಂದವರಿಗೆ ಹನ್ನೊಂದು ಜನ ಸಿಕ್ಕರು, ಹನ್ನೆರಡನೆಯವನು ಸಿಗಲಿಲ್ಲ. ಶ್ರೀಮತಿ ಗ್ರಿಜೆಲ್ ಪಿಟ್‌ಕೇರ್ನ್ ಅಡುಗೆಮನೆಯ ಕುರ್ಚಿಯನ್ನು ತಂದು ಗುಣಿಯ ಮೇಲೆ ಹಾಕಿಕೊಂಡು, ಎರಡು ದಿನವೂ ಕಾಲುಚೀಲ ಹೆಣೆಯುತ್ತ ಕುಳಿತಿದ್ದರು. ನೆಲ ನನ್ನದು, ನೆಲದಲ್ಲಿರುವುದೂ ನನ್ನದು ಎಂದು ಅವರ ಮಾತು. ಕಾನ್‌ಸ್ಟೇಬಲ್ ಬಂದು ಜಾಗದ ಪತ್ರ ಓದಿ, ನೆಲ ಅವರದೇ ಹೌದೆಂದು ಒಪ್ಪಿದರು. ಸತ್ತವನ ತಮ್ಮನೆಂದು ಹೇಳಿಕೊಂಡ ಚೀನೀಯನೊಬ್ಬ ಟೋಪಿ ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತು, ಊರಿಗೆ ಒಯ್ಯಿರಿ ಎಂದು ಅಣ್ಣ ಸಾಯುವಾಗ ಕೇಳಿಕೊಂಡಿದ್ದನೆಂದೂ, ಊರಲ್ಲಿ ಮನೆಯವರ ನಡುವೆ ಜಾಗ ಬಿಟ್ಟು ಕಾದಿದ್ದಾರೆಂದೂ ವಿನಂತಿಸಿದನು. ಫಲ ಕಾಣದೆ ಹನ್ನೊಂದು ಪೆಟ್ಟಿಗೆಗಳೊಂದಿಗೆ ಅವರು ಹೊರಟುಹೋದರು.’

ಕೊನೆಗೆ ಪತ್ರಿಕೆಯವನ ಒಂದು ಕುಹಕ: ಬದುಕಿದ್ದಾಗ ಬಿಟ್ಟುಕೊಡದ ತೋಟಗಾರನನ್ನು ಸತ್ತ ಮೇಲೆ ಬಿಟ್ಟುಕೊಡುವರೇ ಎಂದು ಊರ ಹಾಸ್ಯಗಾರರು ಕೇಳುತ್ತಿದ್ದಾರಂತೆ.

ರೋನಾ ಪುಟದ ಮೇಲೆ ಅಂಗೈ ಇಟ್ಟು ಕೂತಳು. ಹೊಸದಾಗಿ ಹುಡುಕಲು ಬಂದವರಿಗೆ ಅವಳು ಮೊದಲ ದಿನವೇ ಹೇಳಿಕೊಡುತ್ತಿದ್ದ ಮಾತೊಂದಿತ್ತು. ಮದುವೆಯಾಗುತ್ತೇವೆ ಎಂದು ಬರೆಸಿದವರೆಲ್ಲ ಮದುವೆಯಾಗಿರುವುದಿಲ್ಲ, ಹಡಗಿಗೆ ಹೆಸರು ಕೊಟ್ಟವರೆಲ್ಲ ಹತ್ತಿರುವುದಿಲ್ಲ. ಮಾಡುತ್ತೇವೆ ಎಂಬ ಕಾಗದವನ್ನು ಮಾಡಿದೆವು ಎಂದು ಓದಬೇಡಿ. ಪಟ್ಟಿಯ ತಲೆಬರಹದಲ್ಲಿ ತೆಗೆಯಲ್ಪಡುವ ಎಂದಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಕೌನ್ಸಿಲ್‌ಗೆ ಓಡಿದ್ದಳು. ಅತ್ತೆಗೆ ಬೇಕಾದದ್ದು ಸಿಕ್ಕಿತ್ತು, ಮುಂದಿನ ತಿಂಗಳ ಪುಟ ತಿರುವುವ ಮನಸ್ಸೇ ಆಗಿರಲಿಲ್ಲ.

ಸಂಪುಟವನ್ನು ಮುಚ್ಚಿ ಕಪಾಟಿನಲ್ಲಿಟ್ಟಳು. ಕಾಲಿನ್‌ಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ. ನೆಟ್ಟಾ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾಳೆ. ಆಮೇಲೆ ಗುಣಿ ತೋಡುವವನ ಸಲಿಕೆ ನಾಲ್ಕಡಿ ಇಳಿದಾಗ ಏನು ತಾಕುತ್ತದೆ ಎಂಬುದನ್ನು ರೋನಾ ಯೋಚಿಸಲು ಹೋಗಲಿಲ್ಲ. ಆದರೂ ಬಟ್ಟೆ ಮಡಚುವಾಗ, ಸಿಪ್ಪೆ ಹೆರೆಯುವಾಗ, ಅದೇ ಬಂದು ಎದುರಿಗೆ ನಿಲ್ಲುತ್ತಿತ್ತು. ಕುರ್ಚಿ ಹಾಕಿಕೊಂಡ ಆ ಮುದುಕಿಗಿಂತ ಹೆಚ್ಚಾಗಿ ಗೇಟಿನ ಬಳಿ ಟೋಪಿ ಹಿಡಿದು ನಿಂತವನು ಕಾಣುತ್ತಿದ್ದ. ಗ್ರಿಜೆಲ್ ಏಕೆ ಹಾಗೆ ಮಾಡಿದಳು? ಪ್ರೀತಿಯೋ, ಹಟವೋ, ತನ್ನದನ್ನು ಬಿಟ್ಟುಕೊಡಬಾರದೆಂಬ ನೆಲವುಳ್ಳವರ ಜಿಗುಟೋ, ಯಾವ ಕಾಗದವೂ ಹೇಳುವುದಿಲ್ಲ.

ಹನ್ನೊಂದು ದಿನ ಸುಮ್ಮನಿದ್ದಳು. ಹನ್ನೊಂದನೆಯ ದಿನ ಮಂಜು ತುಸು ತೆರವಾಗಿ ಬಿಸಿಲು ಬಿತ್ತು. ನೆಟ್ಟಾ ಜಾಗ ನೋಡಬೇಕೆಂದು ಹಟ ಮಾಡಿದಳು. ರೋನಾ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಎರಡು ಕಂಬಳಿ ಹೊದಿಸಿ, ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ತಳ್ಳಿಕೊಂಡು ಹೋದಳು. ಕಲ್ಲಿನ ಎಡಗಡೆ, ಎಫಿಯ ಹೆಸರಿನ ಪಕ್ಕಕ್ಕೆ, ಒಂದಾಳು ಮಲಗುವಷ್ಟು ಬರಿಯ ಹುಲ್ಲು. ನೆಟ್ಟಾ ಊರುಗೋಲಿನಿಂದ ಅದನ್ನು ಎರಡು ಸಲ ಕುಟ್ಟಿದಳು.

“ಇಲ್ಲಿ,” ಎಂದಳು. “ತಲೆ ಆ ಕಡೆ. ನೆಲ ಗಟ್ಟಿಯಾಗಿದೆ. ತೋಡೋನಿಗೆ ಬಿಸಿ ಏನಾದ್ರೂ ಕುಡಿಯೋಕೆ ಕೊಡು, ಮರೀಬೇಡ.”

ರೋನಾ ಜಾರಿದ ಕಂಬಳಿಯನ್ನು ಸರಿಪಡಿಸಿ ಗಾಲಿಕುರ್ಚಿಯನ್ನು ತಿರುಗಿಸಿದಳು.

ಕೋಣೆಗೆ ಮರಳಿ, ಅತ್ತೆಯ ಕಾಲಿಗೆ ಬಿಸಿನೀರಿನ ಚೀಲ ಇಟ್ಟು, ಕೈಗೆ ಚಹಾ ಕೊಟ್ಟು, ಅವಳು ಎರಡು ಗುಟುಕು ಕುಡಿಯುವವರೆಗೆ ಕಾದಳು.

“ಅತ್ತೆ, ಅವನು ಅಲ್ಲೇ ಇದಾನೆ.”

“ಯಾರು?”

“ಆ ಫೂನ್. ಅವನನ್ನ ಒಯ್ಯಲೇ ಇಲ್ಲ.”

ಪತ್ರಿಕೆಯ ಸುದ್ದಿಯನ್ನು ನಕಲು ಮಾಡಿಕೊಂಡಿದ್ದ ಕಾಗದವನ್ನು ಚೀಲದಿಂದ ತೆಗೆದು ಓದಿದಳು. ಕುಹಕದ ಸಾಲನ್ನು ಬಿಟ್ಟಳು. ನೆಟ್ಟಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಇಟ್ಟಾಗ ತಟ್ಟೆಗೆ ಚಹಾ ಚೆಲ್ಲಿತು.

“ಕಾಲಿನ್‌ಗೆ ಗೊತ್ತಾ?”

“ಇಲ್ಲ.”

“ಬೇರೆ ಯಾರಿಗೆ ಗೊತ್ತು?”

“ನಂಗೊಬ್ಬಳಿಗೇ. ಈಗ ನಿಮಗೆ.”

“ಹಾಗಾದ್ರೆ ಯಾಕೆ ಹೇಳಿದೆ?” ನೆಟ್ಟಾಳ ದನಿ ಏರಲಿಲ್ಲ. “ಇನ್ನೊಂದು ತಿಂಗಳು, ಎರಡು ತಿಂಗಳು ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ತೋಡೋವಾಗ ಅವನು ಸಿಕ್ಕಿ, ಕೆಲಸ ನಿಲ್ಲಿಸಿ, ನಿಮ್ಮನ್ನ ಅಲ್ಲಿಂದ ಬೇರೆ ಕಡೆ ಒಯ್ಯೋ ಹಾಗಾದ್ರೆ ಅಂತ...”

“ಆದ್ರೆ ಆಗ್ತಿತ್ತು. ನಂಗೇನು ಗೊತ್ತಾಗ್ತಿತ್ತು? ನಾನು ಅಮ್ಮನ ಹತ್ರ ಹೋಗ್ತಿದೀನಿ ಅಂದ್ಕೊಂಡೇ ಹೋಗಿರ್ತಿದ್ದೆ. ಅಷ್ಟು ಸಾಕಾಗಿತ್ತು ನಂಗೆ.” ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. “ನಿನ್ನ ಮನಸ್ಸಿನ ಭಾರ ಇಳಿಸೋಕೆ ಈ ಮುದುಕೀನೇ ಬೇಕಾಯ್ತು.”

ರೋನಾ ಎದ್ದು ಚೆಲ್ಲಿದ ಚಹಾ ಒರೆಸಿದಳು. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹನ್ನೊಂದು ದಿನ ಹೊತ್ತುಕೊಂಡು ತಿರುಗಿದ್ದನ್ನು ಅವಳು ತಂದು ಇಳಿಸಿದ್ದು, ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇದ್ದವಳ ಮೇಲೆ. ಸರಿಯಾದದ್ದನ್ನೇ ಮಾಡಿದೆ ಎಂಬ ಸಮಾಧಾನ ಸಿಗುತ್ತದೆಂದು ಕಾದಳು. ಸಿಗಲಿಲ್ಲ.

ನಾಲ್ಕು ದಿನ ನೆಟ್ಟಾ ಮಾತಾಡಲಿಲ್ಲ. ರೋನಾ ಎಂದಿನಂತೆ ಹೋದಳು, ಉಗುರು ಕತ್ತರಿಸಿದಳು, ತಲೆ ಬಾಚಿದಳು, ಮನೆಯಿಂದ ತಂದ ಕುರಿಮಾಂಸದ ಸಾರನ್ನು ಚಮಚದಲ್ಲಿ ಕುಡಿಸಿದಳು. ನೆಟ್ಟಾ ಬಾಯಿ ತೆರೆಯುತ್ತಿದ್ದಳು, ನುಂಗುತ್ತಿದ್ದಳು, ಅಷ್ಟೇ. ಒಪ್ಪಿಗೆಯ ಕಾಗದ ದಿಂಬಿನ ಪಕ್ಕದಲ್ಲಿ ಇರಲಿಲ್ಲ. ಎಲ್ಲಿಟ್ಟಿರಿ ಎಂದು ಕೇಳುವ ಧೈರ್ಯವಾಗಲಿಲ್ಲ. ಕಾಲು ಬಾತುಕೊಳ್ಳಲು ಶುರುವಾಗಿತ್ತು. ತನ್ನ ಮಾತಿಗೇ ಹೀಗಾಯಿತೇ ಎಂದು ಕೇಳಿದಾಗ ದಾದಿ ಅಲ್ಲವೆಂದಳು. ಅದು ಹೃದಯದ್ದು, ಬರಬೇಕಾದದ್ದು ಬಂದಿದೆ ಎಂದಳು.

ಐದನೆಯ ದಿನ ನೆಟ್ಟಾ ತಾನಾಗಿ ಕೇಳಿದಳು, ಆ ಕಾಗದ ಇನ್ನೊಂದು ಸಲ ಓದು ಎಂದು. ರೋನಾ ಓದಿದಳು. ನೀನು ಏನೋ ಬಿಟ್ಟೆ, ಹೋದ ಸಲವೂ ಬಿಟ್ಟಿದ್ದೆ, ಅದನ್ನೂ ಓದು ಎಂದಳು ನೆಟ್ಟಾ. ರೋನಾ ಕುಹಕದ ಸಾಲನ್ನೂ ಓದಿದಳು. ನೆಟ್ಟಾ ಗೇಟಿನ ಹತ್ತಿರ ನಿಂತವನ ಹೆಸರೇನು ಎಂದು ಕೇಳಿದಳು. ಪತ್ರಿಕೆಯವನು ಬರೆದಿರಲಿಲ್ಲ.

ರೋನಾ ಅಷ್ಟರಲ್ಲಿ ಪಟ್ಟಣದ ಚೀನೀ ಸಂಘವೊಂದಕ್ಕೆ ಬರೆದಿದ್ದಳು. ಉತ್ತರವೂ ಬಂದಿತ್ತು, ಬಹಳ ಮರ್ಯಾದೆಯದು. ಊರಿನ ಹೆಸರಿಲ್ಲ, ತಂದೆಯ ಹೆಸರಿಲ್ಲ, ಇಲ್ಲಿಯ ಗುಮಾಸ್ತರು ಬರೆದುಕೊಂಡ ಕರೆಯುವ ಹೆಸರಷ್ಟೇ ಇರುವುದರಿಂದ ಇವರು ಯಾರ ಮನೆಯವರೆಂದು ಪತ್ತೆ ಮಾಡಲಾಗದು ಎಂದಿತ್ತು. ಕಳಿಸೋಣವೆಂದರೂ ಕಳಿಸಲು ಒಂದು ವಿಳಾಸವಿರಲಿಲ್ಲ.

ಸಮಾಧಾನಕ್ಕೆಂದು ರೋನಾ ಇನ್ನೊಂದು ಸುದ್ದಿಯನ್ನು ಉಳಿಸಿಕೊಂಡಿದ್ದಳು. ಆ ವರ್ಷ ಎಲುಬಿನ ಪೆಟ್ಟಿಗೆಗಳನ್ನು ಹೊತ್ತು ಹೊರಟ ಹಡಗು ದೇಶದ ಉತ್ತರ ತುದಿಯನ್ನೂ ದಾಟಲಿಲ್ಲ. ಬಂಡೆಗೆ ಬಡಿದು ಮುಳುಗಿತು. ಆ ಹನ್ನೊಂದು ಜನರೂ ಅದರಲ್ಲಿದ್ದರು.

“ಗ್ರಿಜೆಲ್ ಅಜ್ಜಿ ಬಿಟ್ಟುಕೊಟ್ಟಿದ್ರೆ ಅವನೂ ಸಮುದ್ರದ ತಳದಲ್ಲಿ ಇರ್ತಿದ್ದ ಅತ್ತೆ. ಅವಳಿಂದಾಗಿ ಒಣನೆಲದಲ್ಲಾದ್ರೂ ಇದಾನೆ.”

“ಅದು ಅವಳಿಗೆ ಗೊತ್ತಿತ್ತಾ?”

“ಇಲ್ಲ.”

“ಮತ್ತೆ? ಗೊತ್ತಿಲ್ದೆ ಆಗಿದ್ದನ್ನ ಅವಳ ಪುಣ್ಯದ ಕಡೆ ಬರೀಬೇಡ.” ನೆಟ್ಟಾ ಉಸಿರಿಗಾಗಿ ನಿಲ್ಲಿಸಿದಳು. ಈಗೀಗ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಹೀಗೆ ನಿಲ್ಲುತ್ತಿದ್ದಳು. “ಅವನು ಹೋಗ್ತೀನಿ ಅಂತಿದ್ದ. ಅವಳು ಅವನ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ಲು. ಈಗ ನಾನು ಹೋಗಿ ಅವನ ಮೇಲೆ ಮಲಗ್ಲಾ? ನಮ್ಮನೆಯವರು ಆ ಮನುಷ್ಯನ ಮೇಲೆ ಇನ್ನೂ ಎಷ್ಟು ಜನ ಹತ್ಬೇಕು?”

ರೋನಾ ಅವಳ ಕೈ ಹಿಡಿದುಕೊಂಡಳು. ಕಲ್ಲಿನ ಮೇಲೆ ಅವನ ಹೆಸರನ್ನಾದರೂ ಕೆತ್ತಿಸಲೇ ಎಂದು ಕೇಳಿದಳು.

“ಬೇಡ. ನಮ್ಮ ಕಲ್ಲಿನ ಮೇಲೆ ಬರೆದ್ರೆ ನಮ್ಮವನಾಗಿಬಿಡ್ತಾನೆ. ಅವನು ನಮ್ಮವನಲ್ಲ. ನಮ್ಮ ಹತ್ರ ಸಿಕ್ಕಿಹಾಕ್ಕೊಂಡೋನು.”

ದಿಂಬಿನ ಚೀಲದ ಒಳಗಿಂದ ಒಪ್ಪಿಗೆಯ ಕಾಗದವನ್ನು ತೆಗೆದು ಕೊಟ್ಟಳು. ನಾಲ್ಕು ದಿನವೂ ಅದು ಅವಳ ಕೆನ್ನೆಯ ಕೆಳಗೇ ಇತ್ತು. ಇದನ್ನು ಕಾಲಿನ್‌ಗೆ ವಾಪಸ್ ಕೊಡು, ಪತ್ರಿಕೆಯದನ್ನೂ ತೋರಿಸು ಎಂದಳು. ಬೂದಿಯ ಕುಡಿಕೆಯಾದರೆ ಈಗಲೂ ಅಮ್ಮನ ಪಕ್ಕದಲ್ಲೇ ಇಡಬಹುದು, ಅದಕ್ಕೆ ಯಾರನ್ನೂ ಕದಲಿಸಬೇಕಿಲ್ಲ ಎಂದು ರೋನಾ ಕೊನೆಯ ಸಲ ಹೇಳಿದಳು. ನೆಟ್ಟಾ ಕಿಟಕಿಯ ಕಡೆ ತಿರುಗಿದಳು. ಒಂದು ಗಳಿಗೆ ಒಪ್ಪುತ್ತಾಳೇನೋ ಅನ್ನಿಸಿತು.

“ಇಲ್ಲ,” ಎಂದಳು. “ಹಾಗೆ ಹೋದ್ರೆ ಅಮ್ಮಂಗೆ ನನ್ನ ಗುರುತು ಸಿಗಲ್ಲ.”

ಆಗಸ್ಟ್ ಎರಡನೆಯ ವಾರ ಅವಳು ತೀರಿಕೊಂಡಳು, ಬೆಳಗಿನ ಗಂಜಿಯ ಹೊತ್ತಿಗೆ, ರೋನಾ ದಾರಿಯಲ್ಲಿದ್ದಾಗ.

ನೆಟ್ಟಾಳನ್ನು ಹೂಳಿದ ಹೊಸ ಸ್ಮಶಾನ ಊರಿನಾಚೆ ಬೋಳು ದಿಬ್ಬದ ಮೇಲಿದೆ. ಅಲ್ಲಿ ಎದ್ದುನಿಂತ ಕಲ್ಲುಗಳಿಲ್ಲ, ನೆಲಕ್ಕೆ ಹಾಸಿದ ಸಣ್ಣ ಫಲಕಗಳು, ಹುಲ್ಲು ಕೊಯ್ಯುವ ಯಂತ್ರಕ್ಕೆ ಅಡ್ಡ ಬರದ ಹಾಗೆ. ನೀಲಿ ಸ್ವೆಟರ್ ಹಾಕಿದ್ದರು. ಪಾದ್ರಿ ಕಾಲು ಗಂಟೆಯಲ್ಲಿ ಮುಗಿಸಿದ. ಬಂದವರು ಹದಿನಾಲ್ಕು ಜನ, ಅದರಲ್ಲಿ ಹತ್ತು ಹೆಂಗಸರು. ಎಲ್ಲರೂ ಗುಣಿಯ ಅಂಚಿನವರೆಗೂ ಬಂದು ನಿಂತು ಒಂದೊಂದು ಹಿಡಿ ಮಣ್ಣು ಹಾಕಿದರು. ಮಣ್ಣಿನಲ್ಲಿ ಮಂಜಿನ ಹರಳಿತ್ತು, ಪೆಟ್ಟಿಗೆಯ ಮೇಲೆ ಬೀಳುವಾಗ ಗಾಜಿನ ಸದ್ದು ಮಾಡಿತು. ಗುಣಿ ತೋಡಿದವನಿಗೆ ರೋನಾ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಕೊಟ್ಟಳು.

ಹಳೆ ಸ್ಮಶಾನ ಹೊಳೆಯ ಆ ಬದಿಗೆ, ಮೂರು ಮೈಲಿ ದೂರ. ಎಫಿಯ ಗುಡ್ಡ ಇಲ್ಲಿಂದ ಕಾಣುತ್ತದೋ ಎಂದು ರೋನಾ ಹುಡುಕಿದಳು. ಕಣಿವೆಯ ತುಂಬ ಮಂಜು ಕೂತಿತ್ತು, ಅದರ ಮೇಲೆ ಒಲೆಗಳ ಕಲ್ಲಿದ್ದಲ ಹೊಗೆ. ಮಂಜಿಲ್ಲದ ದಿನ ಕಾಣುತ್ತದೆಯೇ ಎಂದು ಕಾಲಿನ್‌ನನ್ನು ಕೇಳಿದಳು. ಇಲ್ಲ, ನಡುವೆ ಪಾಪ್ಲರ್ ಮರಗಳ ಸಾಲಿದೆ ಎಂದ ಅವನು.

ನೆಟ್ಟಾಳ ಬಲಗಡೆ ಮಲಗಿದ್ದವನು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಒಬ್ಬ ಹರಟೆಮಲ್ಲ. ಬದುಕಿದ್ದಾಗ ಅವನನ್ನು ಕಂಡರೆ ನೆಟ್ಟಾ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಎಡಗಡೆ ಬರಿಯ ಹುಲ್ಲಿತ್ತು. ಕಾಲಿನ್ ಟೋಪಿ ತೆಗೆದು, ಏನಾದರೂ ಹೇಳಬೇಕಲ್ಲ ಎಂಬಂತೆ, ಆ ಜಾಗ ಇನ್ನೂ ಯಾರ ಹೆಸರಿಗೂ ಆಗಿಲ್ಲ ರೋನಾ ಆಂಟಿ ಎಂದ.

ರೋನಾ ಕೈಗೆ ಅಂಟಿದ ಮಣ್ಣನ್ನು ಕೋಟಿಗೆ ಒರೆಸಿಕೊಳ್ಳುತ್ತ ಆ ಹುಲ್ಲನ್ನು ನೋಡಿದಳು. ನನ್ನ ಹೆಸರಿಗೆ ಬರೆದುಕೋ ಎಂದಳು.